ಚರ್ಚೆಯಲ್ಲಿ ಗೆದ್ದೆ, ಮನೆಯಲ್ಲಿ ಸೋತೆ

ಹೋದ ತಿಂಗಳು ನಮ್ಮ ಕಾಲೇಜಿನ ಕನ್ನಡ ಸಂಘದವರು ಒಂದು ಚರ್ಚಾಸ್ಪರ್ಧೆ ಇಟ್ಟಿದ್ದರು. ವಿಷಯ: 'ಬಾಕ್ಸಿಂಗಿನಲ್ಲಿ ತಾರೆಯರ ಕಾಲ ಮುಗಿಯಿತು.' ಕನ್ನಡ ಸಂಘಕ್ಕೂ ಬಾಕ್ಸಿಂಗಿಗೂ ಎಲ್ಲಿಯ ನಂಟು ಎಂದು ನೀವು ಕೇಳಬಹುದು. ಚೀಟಿ ಎತ್ತಿದಾಗ ಬಂದ ವಿಷಯ, ಅಷ್ಟೆ. ನಾನು ಪರವಾಗಿ ಏಳು ನಿಮಿಷ ಮಾತಾಡಿದೆ. ಮೊದಲ ಬಹುಮಾನವೂ ಬಂತು. ಆ ಕಪ್ ಈಗ ನಮ್ಮ ಕಾಕಾನ ಮನೆಯ ಗೋಡೆಗೂಡಿನಲ್ಲಿದೆ. ಅದನ್ನು ನೋಡಿದಾಗಲೆಲ್ಲ ನನಗೆ ಸ್ವಲ್ಪ ನಾಚಿಕೆಯಾಗುತ್ತದೆ. ಯಾಕೆ ಎಂದು ಹೇಳುವುದಕ್ಕೇ ಈ ಬರಹ.

ಮೊದಲು ನಾನು ಏನು ವಾದಿಸಿದೆ ಎಂಬುದನ್ನು ಹೇಳಿಬಿಡುತ್ತೇನೆ. ಒಂದು ಕಾಲಕ್ಕೆ ಮುಹಮ್ಮದ್ ಅಲಿ ಇದ್ದ. ೧೯೭೧ರಲ್ಲಿ ಜೋ ಫ್ರೇಜಿಯರ್, ೧೯೭೪ರಲ್ಲಿ ಜಾರ್ಜ್ ಫೋರ್ಮನ್, ೧೯೭೫ರಲ್ಲಿ ಮನಿಲಾದಲ್ಲಿ ಮತ್ತೆ ಫ್ರೇಜಿಯರ್. ಆ ಕಾದಾಟಗಳ ಹೆಸರು ಬಾಕ್ಸಿಂಗ್ ಗೊತ್ತಿಲ್ಲದವರಿಗೂ ಗೊತ್ತಿತ್ತು. ಆಮೇಲೆ ಟೈಸನ್ ಬಂದ. ೧೯೮೬ರಲ್ಲಿ, ಇಪ್ಪತ್ತರ ಹರೆಯದಲ್ಲೇ ಹೆವಿವೇಟ್ ಪಟ್ಟ ಗೆದ್ದ. ೨೦೧೫ರಲ್ಲಿ ಮೇವೆದರ್ ಮತ್ತು ಪ್ಯಾಕಿಯಾವೋ ಕಾದಾಡಿದಾಗ ಅಮೆರಿಕದಲ್ಲಿ ೪೬ ಲಕ್ಷ ಕಡೆ ದುಡ್ಡು ಕೊಟ್ಟು ಟೀವಿಯಲ್ಲಿ ನೋಡಿದರು. ಈಗ? ೨೦೨೪ರ ಮೇ ತಿಂಗಳಲ್ಲಿ ಉಕ್ರೇನಿನ ಉಸಿಕ್ ಹೆವಿವೇಟಿನ ನಾಲ್ಕೂ ಪಟ್ಟ ಒಟ್ಟುಮಾಡಿ ಏಕೈಕ ಚಾಂಪಿಯನ್ ಆದ. ಸುಮಾರು ಕಾಲು ಶತಮಾನದಿಂದ ಯಾರೂ ಹಾಗೆ ಏಕೈಕ ಚಾಂಪಿಯನ್ ಆಗಿರಲಿಲ್ಲ. 'ಇಲ್ಲಿ ಕೂತವರಲ್ಲಿ ಎಷ್ಟು ಮಂದಿ ಅವನ ಹೆಸರು ಕೇಳಿದ್ದೀರಿ? ಕೈ ಎತ್ತಿ' ಎಂದೆ. ಮೂರು ಕೈ ಮೇಲೆದ್ದವು. ಸಭೆ ನಕ್ಕಿತು. ಅಲ್ಲೇ ನಾನು ಗೆದ್ದಿದ್ದೆ.

ಕಾರಣಗಳನ್ನೂ ಕೊಟ್ಟೆ. ಹಿಂದೆ ಎಂಟೇ ತೂಕಗಳಿದ್ದವು. ಈಗ ಹದಿನೇಳು. ಪಟ್ಟ ಕೊಡುವ ಸಂಸ್ಥೆಗಳು ನಾಲ್ಕು. ಗುಣಿಸಿ ನೋಡಿ, ಗಂಡಸರಲ್ಲೇ ೬೮ ಪಟ್ಟಗಳು! ಊರಿಗೆ ೬೮ ಮಂದಿ ಪಟೇಲರಿದ್ದರೆ ಯಾರಿಗೆ ನಮಸ್ಕಾರ ಮಾಡಬೇಕು? ಸಾಲದ್ದಕ್ಕೆ, ೨೦೨೪ರ ನವೆಂಬರಿನಲ್ಲಿ ನೆಟ್‌ಫ್ಲಿಕ್ಸಿನವರು ದೊಡ್ಡ ಕಾದಾಟವೆಂದು ತೋರಿಸಿದ್ದು ಯಾರದನ್ನು? ೫೮ ವರ್ಷದ ಟೈಸನ್ ಮತ್ತು ಯೂಟ್ಯೂಬಿನಿಂದ ಹೆಸರಾದ ೨೭ರ ಹುಡುಗ ಜೇಕ್ ಪಾಲ್ ಅವರದನ್ನು. ಆರು ಕೋಟಿ ಮನೆಗಳಲ್ಲಿ ನೋಡಿದರೆಂದು ಕಂಪನಿಯೇ ಹೇಳಿಕೊಂಡಿತು. ಹಳೆಯ ಹೆಸರನ್ನೇ ತೊಳೆದು ಮತ್ತೆ ಮಾರುವ ಸ್ಥಿತಿ ಬಂದಿದೆಯೆಂದರೆ ಹೊಸ ತಾರೆ ಇಲ್ಲವೆಂದೇ ಅರ್ಥ ಅಲ್ಲವೇ?

ಇಷ್ಟು ಹೇಳಿ, ಕಪ್ ಹಿಡಿದು, ಸಿಟಿ ಬಸ್ಸಿನಲ್ಲಿ ನಿಂತುಕೊಂಡೇ ಕಾಚಿಗುಡಾಕ್ಕೆ ಬಂದೆ. ನಮ್ಮದು ಬೀದರ ಕಡೆಯ ಹಳ್ಳಿ. ಓದಿಗಾಗಿ ನಾನು ಕಾಕಾನ ಮನೆಯಲ್ಲಿದ್ದೇನೆ. ಕಾಕಾ ರೈಲ್ವೆಯಲ್ಲಿದ್ದು ನಿವೃತ್ತರಾದವರು, ಅಲಿಯ ಪರಮಭಕ್ತರು. ಕಪ್ ನೋಡಿ ಅವರಿಗೆ ಬಹಳ ಖುಷಿಯಾಯಿತು.

"ಖರೇ ಹೇಳೀದಿ ನೋಡಪಾ. ಅಲೀ ಅಂದ್ರ ಅಲೀನೇ. ಅವಾಗ ಟೀವಿ ಎಲ್ಲಿತ್ತು? ಪೇಪರದಾಗ ಒಂದು ಫೋಟೋ ಬಂದ್ರ ಓಣಿ ಹುಡುಗ್ರೆಲ್ಲಾ ಮುಕ್ಕೊಂಡು ನೋಡ್ತಿದ್ವಿ."

ಹೈದರಾಬಾದಿಗೆ ದೂರದರ್ಶನ ಬಂದದ್ದೇ ೧೯೭೭ರಲ್ಲಿ. ಹಾಗಾಗಿ ಅಲಿಯ ದೊಡ್ಡ ಕಾದಾಟ ಒಂದನ್ನೂ ಕಾಕಾ ಆಗ ಕಣ್ಣಾರೆ ನೋಡಿದವರಲ್ಲ. ೧೯೮೦ರಲ್ಲಿ ಅಲಿ ಮದ್ರಾಸಿಗೆ ಬಂದು ಜಿಮ್ಮಿ ಎಲ್ಲಿಸ್ ಜೊತೆ ಪ್ರದರ್ಶನ ಪಂದ್ಯ ಆಡಿದಾಗ ಹೋಗಬೇಕೆಂದಿದ್ದರಂತೆ, ಕೈಯಲ್ಲಿ ದುಡ್ಡಿರಲಿಲ್ಲ. ಆದರೂ ಇವತ್ತಿಗೂ ಆ ಏಟುಗಳನ್ನು ಎದ್ದು ನಿಂತು ಮಾಡಿ ತೋರಿಸುತ್ತಾರೆ.

ಆಗ ಒಳಗಿನಿಂದ ತಂಗಿ ಬಂದಳು. ಕಾಕಾನ ಮಗಳು, ಈಗ ಬಿ.ಕಾಂ. ಮೊದಲನೆಯ ವರ್ಷ.

"ಅಣ್ಣಾ, ನಿಖತ್ ಹೆಸರು ಹೇಳ್ದೇನು?"

"ಇಲ್ಲ. ಅಕಿ ಪ್ಯಾರಿಸ್ ಒಲಿಂಪಿಕ್ಸ್‌ನಾಗ ಸೋತಾಳಲ್ಲ" ಅಂದೆ.

"ಸೋತ್ರ ತಾರೆ ಅಲ್ಲೇನು? ಅಪ್ಪಾ, ನಿಮ್ಮ ಅಲೀನೂ ಸೋತಿದ್ದ ಅಲ್ಲ?"

ಕಾಕಾ ತಲೆ ತುರಿಸಿಕೊಂಡರು. "ಹೌದವಾ. ಫ್ರೇಜಿಯರ್ ಕೈಲೆ."

ಅವಳು ಮತ್ತೇನೂ ಹೇಳದೆ ಒಳಗೆ ಹೋದಳು. ಅವಳು ಹೇಳದೇ ಉಳಿಸಿದ್ದು ಏನೆಂದು ನನಗೆ ಗೊತ್ತಿತ್ತು.

೨೦೨೧ರಲ್ಲಿ ಅವಳು ಶಾಲೆಯ ಹುಡುಗಿ. ಗೆಳತಿಯ ಜೊತೆ ಬಾಕ್ಸಿಂಗ್ ಕಲಿಯಲು ಹೋಗತೊಡಗಿದ್ದಳು. ಮೂರು ತಿಂಗಳು ಹೋಗಿರಬೇಕು. ಒಂದು ಸಂಜೆ ತುಟಿ ಊದಿಸಿಕೊಂಡು ಬಂದಳು. ಕಾಕು ಹಣೆ ಬಡಿದುಕೊಂಡರು: "ಮಾರಿ ಕೆಡಿಸ್ಕೊಂಡು ಬಂದ್ರ ನಾಳಿಗಿ ಇಕಿನ ಯಾರ್ ಮಾಡ್ಕೋತಾರ?" ಕಾಕಾ, ಅಂಥ ಅಲಿ ಭಕ್ತರು, ಪೇಪರಿನಿಂದ ಮುಖ ತೆಗೆಯಲಿಲ್ಲ. ರಜೆಗೆಂದು ಊರಿನಿಂದ ಬಂದಿದ್ದ ನನ್ನನ್ನು ಕೇಳಿದರು, ಓದಿದವ ನೀನು ಹೇಳಪಾ ಎಂದು. ನಾನು ಹೇಳಿದೆ: "ಬಾಕ್ಸಿಂಗಿನಾಗ ಈಗ ಏನದ? ಅಲಿ, ಟೈಸನ್ ಕಾಲ ಹೋಯ್ತು. ಸ್ಕೋಪ್ ಇಲ್ಲ." ಮರುದಿನದಿಂದ ಅವಳು ಹೋಗಲಿಲ್ಲ. ಅಳಲೂ ಇಲ್ಲ. ಗ್ಲೌಸನ್ನು ಗೆಳತಿಗೆ ವಾಪಸು ಕೊಟ್ಟಳು.

ಅಂದರೆ ಚರ್ಚಾಸ್ಪರ್ಧೆಯ ಭಾಷಣ ಹೊಸದೇನಲ್ಲ. ಅದನ್ನು ನಾನು ಮೊದಲು ಮಾಡಿದ್ದು ನಮ್ಮ ಮನೆಯ ಪಡಸಾಲೆಯಲ್ಲಿ, ಹದಿಹರೆಯದ ಒಬ್ಬ ಹುಡುಗಿಯೆದುರು.

೨೦೨೨ರ ಮೇ ೧೯ರಂದು ನಿಖತ್ ಜರೀನ್ ಇಸ್ತಾಂಬುಲ್ಲಿನಲ್ಲಿ ೫೨ ಕಿಲೊ ವರ್ಗದ ವಿಶ್ವ ಚಾಂಪಿಯನ್ ಆದಳು. ಫೈನಲ್ಲಿನಲ್ಲಿ ಥಾಯ್ಲೆಂಡಿನ ಹುಡುಗಿಯನ್ನು ೫-೦ಯಿಂದ ಸೋಲಿಸಿ. ಅವಳಿಗಿಂತ ಮುಂಚೆ ವಿಶ್ವಪಟ್ಟ ಗೆದ್ದ ಭಾರತದ ಹೆಂಗಸರು ನಾಲ್ಕೇ ಮಂದಿ. ಅವಳು ಎಲ್ಲಿಯವಳು? ನಿಜಾಮಾಬಾದಿನವಳು. ನಮ್ಮ ಕಾಚಿಗುಡಾದಲ್ಲಿ ರೈಲು ಹತ್ತಿದರೆ ಅರ್ಧ ದಿನದೊಳಗೆ ಮುಟ್ಟುವ ಊರು. ಅದೇ ವರ್ಷ ಆಗಸ್ಟಿನಲ್ಲಿ ಪುರಿ ಜಗನ್ನಾಥರ 'ಲೈಗರ್' ಬಂತು. ಅದರಲ್ಲಿ ಟೈಸನ್ ಇದ್ದಾನೆಂದು ನಾನು ಆರ್.ಟಿ.ಸಿ. ಕ್ರಾಸ್ ರೋಡಿನ ಟಾಕೀಸಿಗೆ ಓಡಿದೆ. ಪಕ್ಕದ ಜಿಲ್ಲೆಯ ಚಾಂಪಿಯನ್ನಳ ಫೈನಲ್ಲನ್ನು ನಮ್ಮ ಮನೆಯಲ್ಲಿ ನೋಡಿದವಳು ತಂಗಿ ಒಬ್ಬಳೇ, ಮೂಲೆಯಲ್ಲಿ ಕೂತು, ಕಾಕುನ ಮೊಬೈಲಿನಲ್ಲಿ.

ಸ್ಪರ್ಧೆಯಾದ ರಾತ್ರಿ ಕೂತು ನಿಖತ್ ವಿಷಯ ಓದಿದೆ. ಓದುತ್ತಾ ಹೋದಂತೆ ನನ್ನ ಏಳು ನಿಮಿಷ ಕರಗತೊಡಗಿತು. ೨೦೧೧ರಲ್ಲೇ ಜೂನಿಯರ್ ವಿಶ್ವ ಚಾಂಪಿಯನ್. ೨೦೧೭ರಲ್ಲಿ ಭುಜಕ್ಕೆ ಪೆಟ್ಟು, ಸುಮಾರು ಒಂದು ವರ್ಷ ರಿಂಗಿನಿಂದ ದೂರ. ೨೦೧೯ರಲ್ಲಿ, ಟೋಕಿಯೊ ಒಲಿಂಪಿಕ್ಸಿನ ಅರ್ಹತಾ ಪಂದ್ಯಕ್ಕೆ ಮೇರಿ ಕೋಮಳನ್ನು ನೇರವಾಗಿ ಕಳಿಸಬಾರದು, ಟ್ರಯಲ್ ನಡೆಸಿ ಎಂದು ಕ್ರೀಡಾ ಮಂತ್ರಿಗೇ ಪತ್ರ ಬರೆದಳು. ಟ್ರಯಲ್ ನಡೆಯಿತು, ನಿಖತ್ ೯-೧ರಿಂದ ಸೋತಳು. ದೇಶದ ಅತಿ ದೊಡ್ಡ ತಾರೆಯೆದುರು ಹಾಗೆ ಸೋತವಳು ಎರಡೂವರೆ ವರ್ಷದಲ್ಲಿ ವಿಶ್ವಪಟ್ಟ ಗೆದ್ದಳು. ೨೦೨೩ರಲ್ಲಿ ದೆಹಲಿಯಲ್ಲಿ, ೫೦ ಕಿಲೊದಲ್ಲಿ, ಮತ್ತೆ ಗೆದ್ದಳು. ಪ್ಯಾರಿಸಿನಲ್ಲಿ ಅವಳನ್ನು ಸೋಲಿಸಿದ ಚೀನಾದ ವೂ ಯು ಕೊನೆಗೆ ಚಿನ್ನವನ್ನೇ ಗೆದ್ದಳು. ಇತ್ತ ನಿಖತ್ ೨೦೨೫ರ ನವೆಂಬರಿನಲ್ಲಿ ಗ್ರೇಟರ್ ನೋಯಿಡಾದ ವಿಶ್ವಕಪ್ ಫೈನಲ್ಸ್‌ನಲ್ಲಿ ಮತ್ತೆ ಚಿನ್ನ ಗೆದ್ದಳು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಲಿವರ್‌ಪೂಲಿನ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಜಾಸ್ಮಿನ್ ಲಂಬೋರಿಯಾ, ಮೀನಾಕ್ಷಿ ಹೂಡಾ ಎಂಬ ಇಬ್ಬರು ಹರಿಯಾಣದ ಹುಡುಗಿಯರು ಚಿನ್ನ ತಂದಿದ್ದರು. ಭಾಷಣಕ್ಕೆ ತಯಾರಾಗುವಾಗ ಈ ಇಬ್ಬರ ಹೆಸರೂ ನನಗೆ ಗೊತ್ತಿರಲಿಲ್ಲ.

ಹಾಗಾದರೆ ನಾನು ಹೇಳಿದ್ದೆಲ್ಲ ಸುಳ್ಳೇ? ಪೂರಾ ಸುಳ್ಳಲ್ಲ. ಪ್ಯಾರಿಸಿನಲ್ಲಿ ಬಾಕ್ಸಿಂಗಿನಿಂದ ನಮಗೆ ಒಂದೂ ಪದಕ ಬರಲಿಲ್ಲ. ಪಟ್ಟಗಳು ಚೂರಾಗಿದ್ದೂ ನಿಜ. ಇಡೀ ಜಗತ್ತು ಒಂದೇ ಹೆಸರನ್ನು ಜಪಿಸುವ ಕಾಲ ಹೋಗಿದೆ. ಆದರೆ ತಾರೆ ಎಂಬುದು ಆಡುವವರೊಬ್ಬರಿಂದಲೇ ಆಗುವುದಲ್ಲ, ನೋಡುವವರೂ ಬೇಕು. ಕಾಕಾನ ಓಣಿಯ ಹುಡುಗರು ಒಂದು ಮಸುಕು ಫೋಟೋ ಸುತ್ತ ಮುಕ್ಕೊಂಡು ನಿಂತದ್ದರಿಂದಲೇ ಕಾಚಿಗುಡಾದಲ್ಲಿ ಅಲಿ ತಾರೆಯಾದ. ನಮಗೆ ಈಗ ಕೈಯಲ್ಲೇ ಎಲ್ಲ ಪಂದ್ಯಗಳೂ ಇವೆ. ನೋಡುವುದು ಬಿಟ್ಟು, ನಮಗೆ ಗೊತ್ತಿಲ್ಲದವರು ಇಲ್ಲವೇ ಇಲ್ಲ ಎನ್ನುತ್ತೇವೆ. ಸಭೆಯಲ್ಲಿ ಎದ್ದ ಆ ಮೂರು ಕೈಗಳು ಉಸಿಕ್‌ನ ಬಗ್ಗೆ ಏನನ್ನೂ ಹೇಳಲಿಲ್ಲ. ನಮ್ಮ ಬಗ್ಗೆ ಹೇಳಿದವು.

ಸಭೆಯಲ್ಲಿ ಹೀಗೆ ಮಾತಾಡಿದರೆ ನಗೆ ಬರುತ್ತದೆ, ಚಪ್ಪಾಳೆ ಬರುತ್ತದೆ. ಮನೆಯಲ್ಲಿ ಮಾತಾಡಿದರೆ ಒಬ್ಬಳು ಗ್ಲೌಸ್ ವಾಪಸು ಕೊಡುತ್ತಾಳೆ.

ಮೊನ್ನೆ ಭಾನುವಾರ ಧೈರ್ಯ ಮಾಡಿ ಕೇಳಿದೆ: "ಮತ್ತ ಹೋಗ್ತೀಯೇನು? ಕಾಕುಗ ನಾ ಹೇಳ್ತೀನಿ."

ಅವಳು ಅಕೌಂಟೆನ್ಸಿ ಪುಸ್ತಕದಿಂದ ತಲೆ ಎತ್ತಲಿಲ್ಲ. "ಈಗೇನ್ ಹೋಗ್ಲಿ ಅಣ್ಣಾ, ನಾಕು ವರ್ಷ ಹೋದ್ವು." ಸ್ವಲ್ಪ ಹೊತ್ತಿನ ಮೇಲೆ, "ಪರೀಕ್ಷಾ ಮುಗೀಲಿ, ನೋಡೋಣ" ಅಂದಳು.

ಆ 'ನೋಡೋಣ'ದಲ್ಲಿ ಎಷ್ಟು ಹೌದು, ಎಷ್ಟು ಇಲ್ಲ ಎಂದು ನನಗೆ ತಿಳಿಯಲಿಲ್ಲ. ಕೇಳುವ ಹಕ್ಕೂ ನನಗಿಲ್ಲ.

ಸಂಘದ ಕಾರ್ಯದರ್ಶಿಗಳಲ್ಲಿ ಒಂದು ವಿನಂತಿ. ಮುಂದಿನ ಸ್ಪರ್ಧೆಗೂ ಇದೇ ವಿಷಯ ಇಡಿ. ನಾನು ವಿರುದ್ಧವಾಗಿ ಮಾತಾಡುತ್ತೇನೆ. ಬಹುಮಾನ ಬರದಿದ್ದರೂ ಚಿಂತೆಯಿಲ್ಲ. ತಂಗಿ ಕೇಳಲು ಬರುತ್ತೇನೆಂದಿದ್ದಾಳೆ.