ಪೊಟ್ಟಣದ ಮೇಲಿನ ಮಾತು

ನಮ್ಮ ಕಾಸರಗೋಡಿನ ಅಡಿಕೆ ಬೆಳೆಗಾರರಿಗೆ ಕಾಯುವುದು ಹೊಸತಲ್ಲ. ಒಣಗಿಸಿ ಸುಲಿದ ಅಡಿಕೆಯನ್ನು ಗೋಣಿಯಲ್ಲಿ ತುಂಬಿಟ್ಟು, ಧಾರಣೆ ಏರುವವರೆಗೆ ಕೆಲವು ತಿಂಗಳು ತಾಳಬಹುದು. ಹೊಸದಾಗಿ ಹುಟ್ಟಿದ ತಂತ್ರಜ್ಞಾನದ ಕಂಪೆನಿಗೆ ಈ ಸೌಕರ್ಯವಿಲ್ಲ. ಅದರ ಬಂಡವಾಳ ಅಲ್ಪ. ಮಾದರಿಯನ್ನು ಕೈಯಲ್ಲಿ ಹಿಡಿದು ನೋಡದೆ ಪರದೇಶದ ಗಿರಾಕಿ ಹಣ ಕೊಡಲಾರ. ಹಡಗಿನಲ್ಲಿ ಕಳುಹಿಸಿದರೆ ವಾರಗಳೇ ಉರುಳುತ್ತವೆ.

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಲ್ಲಿ ನಾಲ್ವರು ಗೆಳೆಯರೊಡನೆ ಮಣ್ಣಿನ ತೇವ ಅಳೆಯುವ ಉಪಕರಣ ತಯಾರಿಸುತ್ತಾನೆ. ಜರ್ಮನಿಯಲ್ಲಿ ಅವನಿಗೆ ಅಂಗಡಿಯಿಲ್ಲ, ಗೋದಾಮಿಲ್ಲ. ಗಿರಾಕಿಗಳು ಮಾತ್ರ ಇದ್ದಾರೆ. "ಕೊರಿಯರಿನವರು ಬಾಗಿಲಿಗೇ ಬಂದು ಒಯ್ಯುತ್ತಾರೆ ಸರ್, ವಾರದೊಳಗೆ ಅಲ್ಲಿ ಮುಟ್ಟುತ್ತದೆ" ಎಂದ. ವಿಮಾನ, ಸುಂಕದ ಕಟ್ಟೆ, ಕೊನೆಯ ಮನೆಬಾಗಿಲು, ಇವೆಲ್ಲವನ್ನೂ ಒಂದೇ ಸಂಸ್ಥೆ ನೋಡಿಕೊಳ್ಳುತ್ತದೆ. ವೆಚ್ಚ ಹೆಚ್ಚು, ಆದ್ದರಿಂದ ಹಗುರವೂ ಬೆಲೆಬಾಳುವುದೂ ಆದ ವಸ್ತುಗಳಿಗಷ್ಟೇ ಇದು ಕಟ್ಟುತ್ತದೆ.

ಈ ವ್ಯವಸ್ಥೆ ಬಹಳ ಹಳೆಯದೇನಲ್ಲ. 1969ರಲ್ಲಿ ಅಮೆರಿಕದಲ್ಲಿ ಮೂವರು ಸೇರಿ ಡಿ.ಎಚ್.ಎಲ್. ಸಂಸ್ಥೆಯನ್ನು ಆರಂಭಿಸಿದರು. ಹಡಗು ಹೊನೊಲುಲು ಬಂದರನ್ನು ಮುಟ್ಟುವ ಮೊದಲೇ ಅದರ ಸರಕಿನ ಕಾಗದಪತ್ರಗಳನ್ನು ಸ್ಯಾನ್‌ಫ್ರಾನ್ಸಿಸ್ಕೊದಿಂದ ವಿಮಾನದಲ್ಲಿ ಒಯ್ಯುವುದೇ ಅವರ ಮೊದಲ ಕೆಲಸ. ಕಾಗದ ಮುಂದಾಗಿ ಬಂದರೆ ಸುಂಕದ ಕೆಲಸವೂ ಮುಂದಾಗಿ ಮುಗಿಯುತ್ತಿತ್ತು. 1973ರ ಏಪ್ರಿಲ್ 17ರ ರಾತ್ರಿ ಫೆಡರಲ್ ಎಕ್ಸ್‌ಪ್ರೆಸ್ ಮೆಂಫಿಸ್ ನಗರದಿಂದ ಕಾರ್ಯಾರಂಭ ಮಾಡಿದಾಗ ಅದರಲ್ಲಿದ್ದುದು 14 ಸಣ್ಣ ವಿಮಾನಗಳು, 186 ಪೊಟ್ಟಣಗಳು. ಎಲ್ಲ ಊರುಗಳ ಪೊಟ್ಟಣಗಳನ್ನು ರಾತ್ರಿ ಒಂದೇ ಕೇಂದ್ರಕ್ಕೆ ತಂದು, ವಿಂಗಡಿಸಿ, ಮತ್ತೆ ಕಳುಹಿಸುವುದು ಅದರ ಕ್ರಮ.

ಕನ್ನಡ ಮೇಷ್ಟರಿಗೆ ಇದರಲ್ಲೇನು ಕೆಲಸ ಎನ್ನುವಿರಾ? ಆ ಹುಡುಗನ ಒಂದು ಪೊಟ್ಟಣ ಪರದೇಶದ ಸುಂಕದ ಕಟ್ಟೆಯಲ್ಲಿ ಒಂಬತ್ತು ದಿನ ಕುಳಿತಿತ್ತಂತೆ. ಕಾರಣ, ಪಟ್ಟಿಯಲ್ಲಿ 'ಬಿಡಿಭಾಗಗಳು' ಎಂದಷ್ಟೇ ಬರೆದಿತ್ತು. ಯಾವುದರ ಭಾಗ, ಎಷ್ಟು, ಯಾವ ಬೆಲೆ, ಒಳಗೆ ಲಿಥಿಯಂ ಬ್ಯಾಟರಿ ಇದೆಯೇ ಎಂಬುದನ್ನು ಬಿಡಿಸಿ ಹೇಳಬೇಕು. 1988ರಿಂದ ಜಾರಿಯಲ್ಲಿರುವ ಪದ್ಧತಿಯಂತೆ, ಪ್ರತಿ ಬಗೆಯ ಸರಕಿಗೂ ಜಗತ್ತಿಗೆಲ್ಲ ಸಲ್ಲುವ ಆರು ಅಂಕೆಗಳ ಸಂಕೇತವಿದೆ. ವಸ್ತುವನ್ನು ಸರಿಯಾಗಿ ಹೆಸರಿಸಲಾರದವನಿಗೆ ಸಂಕೇತವೂ ಸಿಗದು.

"ಕನ್ನಡದಲ್ಲಿ ಓದಿದರೆ ನಮ್ಮ ಮಕ್ಕಳಿಗೆ ಮುಂದೇನು ಗತಿ?" ಎಂದು ಪೋಷಕರು ಪ್ರತಿವರ್ಷ ಕೇಳುತ್ತಾರೆ. ಆ ಆತಂಕ ಸುಳ್ಳಲ್ಲ. ಪೊಟ್ಟಣದ ಕಾಗದ ಇಂಗ್ಲಿಷಿನಲ್ಲೇ ಇರುತ್ತದೆ. ಎರಡು ಭಾಷೆಗಳಲ್ಲಿ ಕಲಿತ ನಾನು ಇಂಗ್ಲಿಷ್ ಬೇಡವೆನ್ನಲಾರೆ. ಆದರೆ ಕಂಡುದನ್ನು ಕಂಡ ಹಾಗೆ, ಗೊಂದಲವಿಲ್ಲದೆ ಹೇಳುವ ಅಭ್ಯಾಸ ಮೊದಲು ಮನೆಮಾತಿನಲ್ಲಿ ಬೇರೂರಬೇಕು. ಬೇರೂರಿದರೆ ಅದು ಯಾವ ಭಾಷೆಗೂ ಜೊತೆಯಲ್ಲಿ ಬರುತ್ತದೆ.

ವಿದ್ಯಾರ್ಥಿ ಮಿತ್ರರೇ, ಪ್ರಬಂಧದಲ್ಲಿ ನೀವು 'ಒಂದು ಮರ' ಎಂದು ಬರೆದಾಗ ನಾನು ಕೆಂಪು ಶಾಯಿಯಲ್ಲಿ 'ಯಾವ ಮರ?' ಎಂದು ಕೇಳುವುದುಂಟು. ಬೇಸರಿಸಬೇಡಿ. ಹಲಸೋ ಮಾವೋ ಎಂದು ಬರೆದು ತನ್ನಿರಿ.