ಬಾರಾ ಕಮಾನಿನ ಅರಸನ ಬೆಳ್ಳಿ ತಂತಿ

ವಿಜಾಪುರಕ್ಕೆ ಹೋದ ಪ್ರವಾಸಿಗರು ಗೋಲಗುಮ್ಮಟವನ್ನೇರಿ, ಮಕ್ಕಳೊಡನೆ ಕೂಗಿ, ಮರುದನಿ ಕೇಳಿ ದಣಿದ ಮೇಲೆ ಹೊತ್ತು ಉಳಿದಿದ್ದರೆ ಮಾತ್ರ ಬಾರಾ ಕಮಾನಿನತ್ತ ತಿರುಗುತ್ತಾರೆ. ಅಲ್ಲಿ ಎತ್ತರದ ಜಗತಿಯ ಮೇಲೆ ಕರಿಗಲ್ಲಿನ ಕಮಾನುಗಳು ಆಕಾಶಕ್ಕೆ ಬಾಯ್ದೆರೆದು ನಿಂತಿವೆ. ಗುಮ್ಮಟವಿಲ್ಲ, ಛಾವಣಿಯೂ ಇಲ್ಲ. 1656ರಲ್ಲಿ ಪಟ್ಟಕ್ಕೆ ಬಂದು 1672ರಲ್ಲಿ ತೀರಿಕೊಂಡ ಎರಡನೆಯ ಅಲಿ ಆದಿಲಶಾಹನ ಸಮಾಧಿಯಿದು. ತಂದೆಯ ಗುಮ್ಮಟವನ್ನು ಮೀರಿಸಲು ಹೊರಟ ಕಟ್ಟಡವೆಂದು ಜನ ಹೇಳುತ್ತಾರೆ. ಅದು ಪೂರ್ಣಗೊಳ್ಳಲಿಲ್ಲ. ಈ ಅರಸನ ಹೆಸರು ಅಂಗೈಯಲ್ಲಿ ಅಡಗುವ ಇನ್ನೊಂದು ವಸ್ತುವಿನ ಮೇಲೂ ಉಳಿದಿದೆ, ಅದೂ ಅರೆಬರೆಯಾಗಿಯೇ.

ಆ ವಸ್ತು ಲಾರಿ ಎಂಬ ಬೆಳ್ಳಿಯ ನಾಣ್ಯ. ಹೆದ್ದಾರಿಯಲ್ಲಿ ಸರಕು ಹೊರುವ ಲಾರಿಗೂ ಇದಕ್ಕೂ ನಂಟಿಲ್ಲ. ಪಾರಸ ದೇಶದ ಲಾರ್ ಪಟ್ಟಣದಿಂದ ಬಂದ ಹೆಸರಿದು. ನಾಣ್ಯವೆಂದರೆ ದುಂಡಗಿರಲೇಬೇಕೆಂದು ತಿಳಿದವರು ಇದನ್ನು ಹೆಂಗಸರ ತಲೆಯ ಪಿನ್ನೆಂದು ಭ್ರಮಿಸಿದರೆ ಆಶ್ಚರ್ಯವಿಲ್ಲ. ಐದು ಗ್ರಾಮಿಗೆ ತುಸು ಕಡಿಮೆ ತೂಗುವ ಬೆಳ್ಳಿಯ ತಂತಿಯನ್ನು ನಡುವೆ ಮಡಿಸಿ, ಅಚ್ಚಿನ ನಡುವೆ ಇಟ್ಟು ಹೊಡೆದರೆ ಲಾರಿ ಸಿದ್ಧವಾಗುತ್ತಿತ್ತು. ಸಂಶಯಗೊಂಡ ವ್ಯಾಪಾರಿಯು ಉಳಿಯಿಂದ ಕಚ್ಚು ಹಾಕಿ ಒಳಗಿನ ಬೆಳ್ಳಿಯನ್ನು ಪರೀಕ್ಷಿಸಿಕೊಳ್ಳುತ್ತಿದ್ದನು. ಇಂದಿನ ಸಂಗ್ರಾಹಕರು ಅಂತಹ ಕಚ್ಚನ್ನು ಕುಂದೆಂದು ಎಣಿಸುವುದು ಸರಿಯಲ್ಲ. ಅದು ಪೇಟೆಯನ್ನು ಕಂಡುಬಂದ ಗುರುತು.

ಸಮುದ್ರ ವ್ಯಾಪಾರಿಗಳಿಗೆ ಪರಿಚಿತವಾದ ಹಣವಿದು. ಸಿಂಹಳದಲ್ಲಿ ಇದನ್ನು ಮೀನಿನ ಗಾಳದಂತೆ ಬಾಗಿಸುತ್ತಿದ್ದುದನ್ನು ರಾಬರ್ಟ್ ನಾಕ್ಸನು 1681ರ ತನ್ನ ಗ್ರಂಥದಲ್ಲಿ ಬಣ್ಣಿಸಿದ್ದಾನೆ. ಮಾಲ್ಡೀವ್ಸಿನಲ್ಲಿ ಇಂದಿಗೂ ಒಂದು ರುಫಿಯಾಕ್ಕೆ ನೂರು ಲಾರಿ. ಆದಿಲಶಾಹಿಗೆ ಕೊಂಕಣದಲ್ಲಿ ದಾಭೋಳದಂತಹ ರೇವುಗಳಿದ್ದವು. ಪಾರಸ, ಅರಬಸ್ಥಾನಗಳೊಡನೆ ವ್ಯವಹರಿಸುವ ರಾಜ್ಯವು ಆ ಕಡೆಯವರು ಒಪ್ಪುವ ಹಣವನ್ನೇ ತಾನೂ ಅಚ್ಚು ಹಾಕಿಸಿತು.

ಓದುವ ಕಷ್ಟ ಇಲ್ಲಿಂದ ತೊಡಗುತ್ತದೆ. ಒಂದು ಬದಿಗೆ ಸುಲ್ತಾನ್ ಅಲಿ ಆದಿಲ್ ಶಾಹ ಎಂಬ ಹೆಸರು, ಇನ್ನೊಂದು ಬದಿಗೆ ಲಾರಿಯೆಂಬ ಒಕ್ಕಣೆ ಮತ್ತು ಹಿಜರಿ ವರ್ಷ. ಆದರೆ ಅಚ್ಚು ಅಗಲ, ತಂತಿ ಸಪೂರ. ಒಂದರಲ್ಲಿ ‘ಅಲಿ’ ಎಂಬುದರ ಬಾಲ ಕಂಡರೆ ಇನ್ನೊಂದರಲ್ಲಿ ‘ಶಾಹ’ದ ತುದಿ. ಹಿಜರಿ 1071 ಎಂದು ಪೂರ್ತಿ ಮೂಡಿದ್ದರೆ ಅದು 1660-61ನೆಯ ಇಸವಿ. ಕೊನೆಯ ಅಂಕೆ ತಂತಿಯಿಂದಾಚೆ ಬಿದ್ದಿದ್ದರೆ 1659ರಿಂದ 1669ರವರೆಗಿನ ಯಾವ ವರ್ಷವೂ ಆಗಬಹುದು. ಆದುದರಿಂದ ಹತ್ತಾರು ಲಾರಿಗಳನ್ನು ಸಾಲಾಗಿ ಇಟ್ಟು, ಕಂಡಷ್ಟನ್ನು ಕಾಗದದ ಮೇಲೆ ಬರೆದು, ತುಣುಕಿಗೆ ತುಣುಕು ಜೋಡಿಸಿಯೇ ಒಕ್ಕಣೆಯನ್ನು ಕಟ್ಟಬೇಕು. ಹುಣಿಸೆಹಣ್ಣು ಹಚ್ಚಿ ಉಜ್ಜುವ ಗೃಹಕೃತ್ಯದ ಉತ್ಸಾಹ ಇಲ್ಲಿ ಸಲ್ಲದು. ತೆಳುವಾದ ಅಕ್ಷರ ಹೊಳಪಿನೊಡನೆ ಹೊರಟುಹೋಗುತ್ತದೆ.

ನೆಲದಲ್ಲಿ ಸಿಕ್ಕ ಹತ್ತು ರೂಪಾಯಿಗೂ ಮಿಕ್ಕ ನಿಧಿಯನ್ನು ಕಲೆಕ್ಟರರಿಗೆ ತಿಳಿಸಬೇಕೆಂದು 1878ರ ನಿಧಿ ಕಾಯಿದೆ ವಿಧಿಸಿತು. ಚಿನ್ನದ ಹೊನ್ನನ್ನು ಕಂಡವನು ಹಳೆಯ ಹಣವೆಂದಾದರೂ ಗುರುತಿಸಿಯಾನು. ಅಗೆಯುವಾಗ ಗಡಿಗೆಯೊಂದರಲ್ಲಿ ಡೊಂಕು ತಂತಿಗಳ ಕಂತೆ ಸಿಕ್ಕರೆ ಅದು ಅಕ್ಕಸಾಲೆಯ ಮೂಸೆಗೆ ಸೇರುವುದು ಬಹಳ ಸುಲಭ. ಅಲ್ಲಿ ಕರಗುವುದು ಒಂದೆರಡು ತೊಲ ಬೆಳ್ಳಿ, ಜೊತೆಗೆ ಬೇರೆ ಲಾರಿಗಳ ಮೇಲೆ ಅರ್ಧಕ್ಕೆ ನಿಂತಿರುವ ಹೆಸರಿನ ಉಳಿದರ್ಧ.