ಸಾಕು ಎಂದದ್ದು ಹಾಕು ಎಂದು ಕೇಳಿದಾಗ

ನಮ್ಮ ಮನೆಗೆ ಒಂದು ಒಳ್ಳೆಯ ಹೆಡ್‌ಫೋನ್ ಬೇಕು ಎಂಬ ಮಾತು ಮೊದಲು ಬಂದದ್ದು ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆಯ ನೆಪದಿಂದ. ನಾವೆಂದರೆ ಅಣ್ಣ-ತಂಗಿ ಇಬ್ಬರು. ಮಗಳು ಅಣ್ಣನವಳು. ಹೊಸ ತಿಪ್ಪಸಂದ್ರದ ಮಾರುಕಟ್ಟೆ ರಸ್ತೆಯಿಂದ ಎರಡು ಅಡ್ಡರಸ್ತೆ ಒಳಗೆ, ಗೋಡೆಗೆ ಗೋಡೆ ತಾಗಿದ ಮನೆಗಳ ಸಾಲಿನಲ್ಲಿ ನಮ್ಮದೂ ಒಂದು. ಪಕ್ಕದ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತೆಂದು ನಮ್ಮ ಅಡುಗೆಮನೆಯಲ್ಲಿ ಕುಳಿತೇ ಅಮ್ಮಿ ಲೆಕ್ಕ ಹೇಳಬಲ್ಲರು. 2008ರ ಮೇ ತಿಂಗಳಲ್ಲಿ ಪ್ರಯಾಣಿಕರ ವಿಮಾನಗಳು ದೇವನಹಳ್ಳಿಗೆ ಹೋದ ಮೇಲೆ ಆಕಾಶ ಸ್ವಲ್ಪ ಶಾಂತವಾಯಿತು. ಆದರೂ ಎಚ್ಎಎಲ್ ಕಡೆಯಿಂದ ಹೆಲಿಕಾಪ್ಟರ್ ಹಾರಿದರೆ ಮಾತು ನಿಲ್ಲಿಸಿ ಕಾಯಬೇಕು. ಇಂಥ ಜಾಗದಲ್ಲಿ ಯಾರ ಸದ್ದೂ ಅವರೊಬ್ಬರದೇ ಆಗಿ ಉಳಿಯುವುದಿಲ್ಲ.

ಅಬ್ಬಾ ನಿವೃತ್ತರಾದ ಮೇಲೆ ಸಂಜೆ ಮಗ್ರಿಬ್ ಮುಗಿಸಿ ಬಂದು ಸ್ಪೀಕರ್‌ನಲ್ಲಿ ಹಾಡು ಹಾಕುವುದು ರೂಢಿ. ವರ್ಷದಿಂದ ವರ್ಷಕ್ಕೆ ಸದ್ದು ಏರುತ್ತಾ ಹೋಯಿತು. ಪಕ್ಕದ ಮನೆಯ ಮೇಷ್ಟ್ರು ಒಂದು ದಿನವೂ ಆಕ್ಷೇಪಿಸಿದವರಲ್ಲ. ಮಗಳು ಮಾತ್ರ ಪುಸ್ತಕ ಹಿಡಿದು ಅತ್ತಿತ್ತ ಅಲೆಯುತ್ತಿದ್ದಳು. "ದಾದಾಗೆ ಒಂದು ಹೆಡ್‌ಫೋನ್ ಕೊಡಿಸಿಬಿಡಿ" ಎಂದು ಅವಳೇ ದಾರಿ ತೋರಿಸಿದಳು.

ಕೊಡಿಸುವುದಾದರೆ ಒಳ್ಳೆಯದನ್ನೇ ಕೊಡಿಸೋಣ ಎಂದುಕೊಂಡೆವು. ಮೂವತ್ತು ವರ್ಷ ತಗಡು ಒತ್ತುವ ಪ್ರೆಸ್ಸುಗಳ ನಡುವೆ ದುಡಿದು ನಮ್ಮನ್ನು ಓದಿಸಿದ ಮನುಷ್ಯ ಇಷ್ಟಪಟ್ಟದ್ದು ಸಂಗೀತ ಒಂದನ್ನೇ. ಎಸ್.ಪಿ. ರಸ್ತೆಯ ಅಂಗಡಿಗಳನ್ನು ಸುತ್ತಿದೆವು. ಅಲ್ಲಿಯ ಗದ್ದಲದಲ್ಲಿ ಯಾವುದು ಚೆನ್ನಾಗಿದೆ ಎಂದು ತಿಳಿಯುವುದು ಸಂತೆಯಲ್ಲಿ ಶ್ರುತಿ ಮಾಡಿದಂತೆ. ಕೊನೆಗೆ ನೆರವಿಗೆ ಬಂದವನು ನಮ್ಮ ಮಹಡಿಯ ಬಾಡಿಗೆ ಹುಡುಗ. ಸಿ.ವಿ. ರಾಮನ್ ನಗರದ ಕಡೆ ಸಾಫ್ಟ್‌ವೇರ್ ಕೆಲಸ. ಸಂಬಳದಲ್ಲಿ ಒಂದು ಪಾಲು ಹೆಡ್‌ಫೋನುಗಳಿಗೇ ಮೀಸಲು. "ಅಂಕಲ್ ಮೊದಲು ಕೇಳಿ ನೋಡಲಿ. ಆಮೇಲೆ ದುಡ್ಡು ಹಾಕಿ" ಎಂದು ತನ್ನ ಬಳಿಯಿದ್ದ ಮೂರನ್ನು ತಂದುಕೊಟ್ಟ. ಜೊತೆಗೆ ಒಂದು ಪುಟ್ಟ ಆಂಪ್ಲಿಫೈಯರ್.

ಮೊದಲನೆಯದು ಜರ್ಮನಿಯ ಸೆನ್‌ಹೈಸರ್ ಎಚ್‌ಡಿ 600. 1997ರಲ್ಲಿ ಬಂದ ಮಾದರಿ, ಇಂದಿಗೂ ತಯಾರಾಗುತ್ತಿದೆ. ಬಟ್ಟಲಿನ ಹಿಂಬದಿಯಲ್ಲಿ ಬರೀ ಜಾಲರಿ. ಇಂಥವನ್ನು 'ಓಪನ್ ಬ್ಯಾಕ್' ಎನ್ನುತ್ತಾರೆ. ಎರಡನೆಯದು ಹೈಫೈಮನ್ ಸುಂದರ. ಇದೂ ಓಪನ್ ಬ್ಯಾಕ್, ಆದರೆ ಒಳಗಿನ ವ್ಯವಸ್ಥೆ ಬೇರೆ. ಸಾಮಾನ್ಯ ಹೆಡ್‌ಫೋನಿನಲ್ಲಿ ತಂತಿಯ ಸುರುಳಿಯೊಂದು ಪುಟ್ಟ ಶಂಕುವಿನಂಥ ಪೊರೆಯನ್ನು ತಳ್ಳಿದರೆ, ಇದರಲ್ಲಿ ಅಗಲವಾದ ತೆಳು ಹಾಳೆಯೇ ಅಯಸ್ಕಾಂತಗಳ ನಡುವೆ ಇಡಿಯಾಗಿ ಕಂಪಿಸುತ್ತದೆ. ಇದಕ್ಕೆ ಪ್ಲೇನಾರ್ ಎಂದು ಹೆಸರು. ಮೂರನೆಯದು ಬೇಯರ್‌ಡೈನಮಿಕ್ ಡಿಟಿ 770 ಪ್ರೊ. ರೆಕಾರ್ಡಿಂಗ್ ಸ್ಟುಡಿಯೋಗಳಲ್ಲಿ ಹೆಚ್ಚು ಕಾಣುವ, ಹಿಂಬದಿ ಮುಚ್ಚಿದ ಮಾದರಿ. ಬೆಲೆ ಮೊದಲೆರಡರ ಅರ್ಧದ ಆಸುಪಾಸು.

ಆ ಹುಡುಗ ನಮಗೆ ಕೆಲವು ಪಾಠಗಳನ್ನೂ ಹೇಳಿಕೊಟ್ಟ. ಎಚ್‌ಡಿ 600ರ ಪ್ರತಿರೋಧ 300 ಓಮ್; ಫೋನಿಗೆ ನೇರವಾಗಿ ಚುಚ್ಚಿದರೆ ಸೊರಗಿದ ದನಿಯೇ ಬರುತ್ತದೆ, ಅದಕ್ಕೇ ಆಂಪ್ಲಿಫೈಯರ್ ಬೇಕು. ಸುಂದರದ್ದು 37 ಓಮ್ ಆದರೂ ಆ ಅಗಲ ಹಾಳೆಯನ್ನು ಕುಣಿಸಲು ಕಸುವು ಬೇಕು. ಎಲ್ಲಕ್ಕಿಂತ ಮುಖ್ಯವಾದ ಪಾಠ: ಎರಡನ್ನು ಹೋಲಿಸುವಾಗ ಸದ್ದಿನ ಮಟ್ಟ ಒಂದೇ ಇರಬೇಕು. ಒಂದು ಕೂದಲೆಳೆಯಷ್ಟು ಜೋರಾಗಿರುವುದೇ ನಮ್ಮ ಕಿವಿಗೆ 'ಚೆನ್ನಾಗಿದೆ' ಎನಿಸುತ್ತದೆ. ಕಡಿಮೆ ಸದ್ದಿನಲ್ಲಿ ತಗ್ಗು ಸ್ವರಗಳು ಕಿವಿಗೆ ಕುಂದುವುದರಿಂದ ಹೀಗಾಗುತ್ತದೆ. ಇದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲೇ ಅಳೆದು ತೋರಿಸಿದ್ದರು.

ನಾವು ಮೂರು ಬಗೆಯ ಹಾಡು ಆರಿಸಿಕೊಂಡೆವು. ಅರವತ್ತರ ದಶಕದ 'ಒಂದೇ ಬಳ್ಳಿಯ ಹೂಗಳು' ಚಿತ್ರಕ್ಕೆ ಮಹಮದ್ ರಫಿ ಕನ್ನಡದಲ್ಲಿ ಹಾಡಿದ ಹಾಡು. 1990ರ 'ಸಂತ ಶಿಶುನಾಳ ಶರೀಫ'ದಲ್ಲಿ ಸಿ. ಅಶ್ವಥ್ ಸಂಯೋಜಿಸಿದ ತತ್ವಪದ; ಧಾರವಾಡದ ಉಸ್ತಾದ್ ಬಾಲೇಖಾನರ ಸಿತಾರ್. ಮೂರೂ ಅಬ್ಬಾ ಸಾವಿರ ಸಲ ಕೇಳಿದಂಥವು. ಗುರುತಿಲ್ಲದ ಸಂಗೀತದಿಂದ ಹೆಡ್‌ಫೋನ್ ಅಳೆಯುವುದು ಗುರುತಿಲ್ಲದವರ ಕೈಯಲ್ಲಿ ಮದುವೆ ಸಂಬಂಧ ವಿಚಾರಿಸಿದಂತೆ.

ರಫಿಯವರ ಹಾಡಿನಲ್ಲಿ ಮೂರಕ್ಕೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಅದು ಮೋನೋ ಮುದ್ರಣ. ಕಂಠ ತಲೆಯ ನಟ್ಟನಡುವೆ ನಿಂತುಬಿಡುತ್ತದೆ. ಹೆಡ್‌ಫೋನ್ ಉತ್ತಮವಾದಷ್ಟೂ ಹಳೆಯ ಟೇಪಿನ ಸುಂಯ್ ಎನ್ನುವ ಸದ್ದೂ ಸ್ಪಷ್ಟವಾಯಿತು. ತತ್ವಪದದಲ್ಲಿ ಸುಂದರ ಗೆದ್ದಿತು. ಹಿಮ್ಮೇಳದ ಒಂದೊಂದು ವಾದ್ಯವೂ ತನ್ನ ಜಾಗದಲ್ಲಿ ಕುಳಿತಂತಿತ್ತು. ಆದರೆ ಅದರ ತೂಕ ಎಚ್‌ಡಿ 600ಕ್ಕಿಂತ ನೂರು ಗ್ರಾಂಗೂ ಹೆಚ್ಚು. ಒಂದು ಗಂಟೆಯಲ್ಲಿ ಕತ್ತು ಲೆಕ್ಕ ಕೇಳುತ್ತದೆ. ಸಿತಾರಿನಲ್ಲಿ ನಾವಿಬ್ಬರೂ ಎಚ್‌ಡಿ 600 ಕಡೆಗೆ ವಾಲಿದೆವು. ಮುಖ್ಯ ತಂತಿಯ ಕೆಳಗೆ ತಾವಾಗಿ ಮಿಡಿಯುವ ತರಬ್ ತಂತಿಗಳ ಗುಂಗು ಅದರಲ್ಲಿ ಹದವಾಗಿತ್ತು. ಡಿಟಿ 770ರಲ್ಲಿ ಅದೇ ಸಿತಾರ್ ನಮಗೆ ಚುಚ್ಚುತ್ತಿತ್ತು. ಆ ಮಾದರಿಯಲ್ಲಿ ಏರುಸ್ವರಗಳು ಸ್ವಲ್ಪ ಮುಂದೆ ಬರುತ್ತವೆ. ಸ್ಟುಡಿಯೋದವರಿಗೆ ಸಣ್ಣ ದೋಷ ಹುಡುಕಲು ಅದು ಅನುಕೂಲ, ನಮಗೆ ಅಲ್ಲ.

ಮಾರನೆಯ ದಿನ ಅಬ್ಬಾರನ್ನು ಕೂರಿಸಿ, ಕಣ್ಣು ಮುಚ್ಚಲು ಹೇಳಿ, ಒಂದೊಂದನ್ನೇ ತೊಡಿಸಿದೆವು. ಬೆಲೆ ಹೇಳಲಿಲ್ಲ. ಎಚ್‌ಡಿ 600ರಲ್ಲಿ ತಲೆಯಾಡಿಸಿದರು. ಸುಂದರದಲ್ಲೂ ತಲೆಯಾಡಿಸಿದರು. ಡಿಟಿ 770 ಹಾಕಿ ಸಿತಾರ್ ಶುರುಮಾಡಿದ್ದೇ ತಡ, ಕಣ್ಣು ತೆರೆದು, "ಇದೇ ಬೇಟಾ! ಇದರಲ್ಲಿ ಮಾತ್ರ ತಾರಿನ ಸದ್ದು ಬರುತ್ತೆ. ಅವೆರಡರಲ್ಲಿ ಹತ್ತಿ ತುಂಬಿದ ಹಾಗಿತ್ತು" ಎಂದರು.

ನಾವು ನಕ್ಕೆವು. ಬೆಲೆಗೂ ಗುಣಕ್ಕೂ ನಂಟಿಲ್ಲ ಎಂಬುದಕ್ಕೆ ಮನೆಯಲ್ಲೇ ಸಾಕ್ಷಿ ಸಿಕ್ಕಿತೆಂದು ಮಹಡಿಯ ಹುಡುಗನೂ ಖುಷಿಪಟ್ಟ. 2017ರಲ್ಲಿ ಜೆರೋನ್ ಬ್ರೀಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನುಗಳನ್ನು ಅಳೆದು ನೋಡಿ, ಸ್ವರಗಳ ಏರಿಳಿತವನ್ನು ಅವು ಹೊರಡಿಸುವ ರೀತಿಗೂ ಅಂಗಡಿಯ ಬೆಲೆಗೂ ಸಂಬಂಧ ಕಾಣುವುದಿಲ್ಲ ಎಂದು ಪ್ರಕಟಿಸಿದ್ದನ್ನು ಅವನೇ ಹೇಳಿದ. ಅಗ್ಗದ್ದರಲ್ಲೇ ಅಬ್ಬಾಗೆ ಸುಖವಿದ್ದರೆ ನಮಗೂ ಲಾಭ ತಾನೇ?

ಆ ರಾತ್ರಿ ಊಟಕ್ಕೆ ಕುಳಿತಾಗ ನಗು ನಿಂತಿತು. ನಮಗೆ ಚುಚ್ಚಿದ್ದು ಅವರಿಗೆ ಇಂಪಾಗಿದ್ದರೆ ಅದು ಅಭಿರುಚಿ ಎನ್ನಬಹುದು. ಆದರೆ ನಮಗೆ ಚೆನ್ನಾಗಿ ಕೇಳಿದ ತರಬ್ ಅವರಿಗೆ ಕೇಳಲೇ ಇಲ್ಲವಲ್ಲ? ಆಗ ಎರಡು ವರ್ಷ ಹಿಂದಿನ ಈದ್ ನೆನಪಾಯಿತು.

ಅಂದು ಮೇಷ್ಟ್ರು ಎಂದಿನಂತೆ ಶೀರ್ ಖುರ್ಮಾಕ್ಕೆ ಬಂದಿದ್ದರು. ಅಬ್ಬಾ ಬಡಿಸುತ್ತಿದ್ದರು. ಮೇಷ್ಟ್ರು "ಸಾಕು ಸಾಕು" ಎನ್ನುತ್ತಿದ್ದಂತೆ ಅಬ್ಬಾ ಮತ್ತೊಂದು ಸೌಟು, ಮತ್ತೆ "ಸಾಕು" ಎಂದರೆ ಇನ್ನೊಂದು ಸೌಟು! ಬಟ್ಟಲು ತುಂಬಿ ತಟ್ಟೆಗಿಳಿಯಿತು. ಸಾಹೇಬರ ಉಪಚಾರವೇ ಹೀಗೆ ಎಂದು ಮನೆಯೆಲ್ಲ ನಕ್ಕಿತು. ಈಗ ಕೇಳಿದಾಗ ಅಬ್ಬಾ ಸಂಕೋಚದಿಂದ ಹೇಳಿದರು: "ಅವರು ಹಾಕು ಹಾಕು ಅಂದ ಹಾಗೆ ಕೇಳಿಸ್ತು. ಮೂವತ್ತು ವರ್ಷ ಬಹುವಚನದಲ್ಲೇ ಮಾತಾಡಿದ ಮೇಷ್ಟ್ರು ಕೊನೆಗೂ ಸಲಿಗೆಯಿಂದ ಏಕವಚನಕ್ಕೆ ಬಂದರಲ್ಲ ಅಂತ ನನಗೆ ಸಂತೋಷವಾಗಿತ್ತು."

ಆ ವಾರವೇ ಲಿಂಗರಾಜಪುರದಲ್ಲಿರುವ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಮತ್ತು ಶ್ರವಣ ಸಂಸ್ಥೆಗೆ ಹೋದೆವು. ಸದ್ದಿಲ್ಲದ ಪುಟ್ಟ ಕೋಣೆ. ಅಲ್ಲಿಯೂ ಅಬ್ಬಾ ತಲೆಗೆ ಒಂದು ಹೆಡ್‌ಫೋನ್! ಬೇರೆ ಬೇರೆ ಸ್ವರಗಳು, ಕೇಳಿದಾಗ ಗುಂಡಿ ಒತ್ತಬೇಕು. ಫಲಿತಾಂಶದ ನಕ್ಷೆಯಲ್ಲಿ ಗೆರೆ ಎಡದಿಂದ ಸರಿಯಾಗಿ ಬಂದು 4000 ಹರ್ಟ್ಸ್ ಬಳಿ ಬಾವಿಗೆ ಬಿದ್ದಂತೆ ಇಳಿದಿತ್ತು. ಸದ್ದಿನಲ್ಲಿ ದುಡಿದವರ ಕಿವಿಯ ಗುರುತು ಅದು. ಒಳಕಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ನಷ್ಟ ಮೊದಲು ತಟ್ಟುವುದು ಈ ಏರುಸ್ವರಗಳಿಗೆ. 'ಸ'ಕಾರದ ಸದ್ದು ಇರುವುದೂ ಅಲ್ಲೇ. ಅದು ಅಳಿಸಿಹೋದರೆ 'ಸಾಕು' ಎಂಬುದು 'ಆಕು' ಆಗುತ್ತದೆ. ಉಳಿದದ್ದನ್ನು ಮನಸ್ಸು 'ಹಾಕು' ಎಂದು ತುಂಬಿಕೊಳ್ಳುತ್ತದೆ. ಮಾತು ಕೇಳುತ್ತದೆ, ತಿಳಿಯುವುದಿಲ್ಲ. ಹಾಗಾಗಿಯೇ ಮನೆಯವರಿಗೂ ಗೊತ್ತಾಗುವುದಿಲ್ಲ.

ಅವರು ದುಡಿದ ಶೆಡ್ಡಿನಲ್ಲಿ ಕಿವಿಗೆ ರಕ್ಷಣೆಯೆಂದರೆ ಒಂದಿಷ್ಟು ಹತ್ತಿ. ಸದ್ದಿನಿಂದಾಗುವ ಕಿವುಡನ್ನು 1948ರ ಫ್ಯಾಕ್ಟರಿ ಕಾಯ್ದೆಯ ಮೂರನೆಯ ಅನುಸೂಚಿ ವರದಿ ಮಾಡಲೇಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿತ್ತು. ಆದರೆ ಕೈಬೆರಳು ತುಂಡಾದರೆ ಕಾಣುತ್ತದೆ; ಒಂದು ಅಕ್ಷರ ಕಳೆದುಹೋದರೆ ಯಾರಿಗೆ ಕಾಣುತ್ತದೆ? ಅಷ್ಟು ವರ್ಷ ನಾವೂ ಕಾಣಲಿಲ್ಲ. "ಅಬ್ಬಾ, ಸದ್ದು ಕಡಿಮೆ ಮಾಡಿ" ಎಂದು ಗದರಿದ್ದೇ ಹೆಚ್ಚು.

ಅಲ್ಲಿಂದ ನಮ್ಮ ಲೆಕ್ಕಾಚಾರ ತಲೆಕೆಳಗಾಯಿತು. ಡಿಟಿ 770 ಕೊಡಿಸಿಬಿಟ್ಟಿದ್ದರೆ ಅಬ್ಬಾ ಅದರಲ್ಲಿ ಸದ್ದು ಏರಿಸಿಕೊಂಡು, ಉಳಿದ ಕಿವಿಯನ್ನೂ ಸವೆಸಿಕೊಳ್ಳುತ್ತಿದ್ದರು. ಹೆಡ್‌ಫೋನಿಗೆಂದು ತೆಗೆದಿಟ್ಟ ಹಣಕ್ಕೆ ಇನ್ನಷ್ಟು ಸೇರಿಸಿ ಎರಡೂ ಕಿವಿಗೆ ಹಿಂದೆ ಕೂರುವ ಮೆಷಿನ್ ಹಾಕಿಸಿದೆವು. ಮೆಷಿನ್ ಹೊಂದಿಸುವವರಿಗೆ ಸಂಗೀತದ ಆಸೆ ಹೇಳಿದ್ದು ಒಳ್ಳೆಯದಾಯಿತು. ಸಾಮಾನ್ಯವಾಗಿ ಅದನ್ನು ಮಾತಿಗೆಂದು ಹೊಂದಿಸಿರುತ್ತಾರೆ. ಸಂಗೀತಕ್ಕೆ ಬೇರೆ ಪ್ರೋಗ್ರಾಂ ಕೇಳಿ ಹಾಕಿಸಿಕೊಳ್ಳಬೇಕು.

ಹೆಡ್‌ಫೋನ್? ಅದೂ ಬಂತು. ಮಹಡಿಯ ಹುಡುಗ ತನ್ನ ಹಳೆಯ ಎಚ್‌ಡಿ 600 ಅನ್ನು ಅರ್ಧ ಬೆಲೆಗೆ ಕೊಟ್ಟ. ಅದರ ಕೇಬಲ್ಲು, ಪ್ಯಾಡು ಎಲ್ಲವನ್ನೂ ಬಿಚ್ಚಿ ಹೊಸದು ಹಾಕಬಹುದು. ನಾವು ಪ್ಯಾಡ್ ಬದಲಿಸಿದೆವು. ಕಿವಿಯ ಮೆಷಿನ್ ತೊಟ್ಟವರಿಗೆ ದೊಡ್ಡ ಬಟ್ಟಲಿನ ಓಪನ್ ಬ್ಯಾಕ್ ಒಳ್ಳೆಯದು. ಬಿಗಿಯಾಗಿ ಮುಚ್ಚಿದರೆ ಮೆಷಿನ್ ಶಿಳ್ಳೆ ಹಾಕುವುದುಂಟು. ಜಾಲರಿಯಿಂದ ಸ್ವಲ್ಪ ಸದ್ದು ಹೊರಗೆ ಸೋರುತ್ತದೆ, ಪಕ್ಕದ ಕೋಣೆಯಲ್ಲಿ ಓದುವ ಮಗಳಿಗೆ ತೊಂದರೆಯಾಗುವಷ್ಟಲ್ಲ. ಅಮ್ಮಿ ಕರೆದರೂ ಕೇಳುತ್ತದೆ. ಈಗ ಸಿತಾರಿನ ತರಬ್ ಅದರಲ್ಲೂ ಬರುತ್ತದೆ ಎಂದು ಅಬ್ಬಾ ಹೇಳುತ್ತಾರೆ. ಮೊದಲಿನಷ್ಟು ಅಲ್ಲ, ಇದೆ ಅಷ್ಟೆ.

ಬೇಸರವಾದದ್ದು ಅಮ್ಮಿಗೆ. "ಇನ್ನು ನೀವೊಬ್ಬರೇ ಕೇಳ್ತೀರಾ? ನಾನು ಒಲೆ ಮುಂದೆ ಏನು ಕೇಳಲಿ?" ಎಂದರು. ಆ ಜೋರು ಸದ್ದು ಅಷ್ಟು ದಿನ ಅಮ್ಮಿಯ ಸಂಜೆಯನ್ನೂ ತುಂಬುತ್ತಿತ್ತೆಂದು ನಮಗೆ ಹೊಳೆದೇ ಇರಲಿಲ್ಲ. ಸೋನಿ ಕಂಪನಿ 1979ರ ಜುಲೈನಲ್ಲಿ ಮೊದಲ ವಾಕ್‌ಮನ್ ತಂದಾಗ ಅದಕ್ಕೆ ಎರಡು ಹೆಡ್‌ಫೋನ್ ಚುಚ್ಚುವ ಜಾಗ ಇಟ್ಟಿತ್ತು. ಒಬ್ಬರೇ ಕೇಳುವುದು ಅಸಭ್ಯ ಎನಿಸೀತೆಂದು ಅದರ ಮುಖ್ಯಸ್ಥ ಅಕಿಯೋ ಮೊರಿಟಾರಿಗೆ ಅಳುಕಿತ್ತು. ಅಮ್ಮಿಯ ಮಾತು ಅದೇ. ಹಾಗಾಗಿ ನಮ್ಮಲ್ಲಿ ಶುಕ್ರವಾರ ಮತ್ತು ಭಾನುವಾರ ಸಂಜೆ ಸ್ಪೀಕರ್, ಮಿಕ್ಕ ದಿನ ಹೆಡ್‌ಫೋನ್. ಸ್ಪೀಕರಿನ ಸದ್ದೂ ಈಗ ಗೋಡೆ ದಾಟುವುದಿಲ್ಲ.

ದುಬಾರಿ ಹೆಡ್‌ಫೋನ್ ಕೊಳ್ಳಹೊರಟವರಿಗೆ ನಾವು ಹೇಳುವುದು ಇಷ್ಟೇ: ಹೋಲಿಸಿ ನೋಡಿ, ಆದರೆ ಮೊದಲು ಕಿವಿಯನ್ನು ತೋರಿಸಿಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಮಿತಿ ದೊಡ್ಡವರಿಗೆ ವಾರಕ್ಕೆ 40 ಗಂಟೆ, 80 ಡೆಸಿಬಲ್, ಮಕ್ಕಳಿಗೆ 75. ಮೂರು ಡೆಸಿಬಲ್ ಏರಿದರೆ ಗಂಟೆಗಳು ಅರ್ಧಕ್ಕಿಳಿಯುತ್ತವೆ. ಮಕ್ಕಳು ಇಯರ್‌ಫೋನ್ ತೆಗೆಯದೆ ಓಡಾಡುವ ಈ ಕಾಲದಲ್ಲಿ ಪ್ರೆಸ್ ಶೆಡ್ಡು ಪ್ರತಿ ಮನೆಯಲ್ಲೂ ಇದೆ. ಮನೆಯ ಹಿರಿಯರು ಸದ್ದು ಏರಿಸಿದರೆ ಗದರುವ ಮುನ್ನ ಒಮ್ಮೆ ಕಿವಿ ಪರೀಕ್ಷೆ ಮಾಡಿಸಿ.

ಈ ಸಲದ ಈದ್‌ಗೆ ಮೇಷ್ಟ್ರು ಬಂದರು. ವಿಷಯವೆಲ್ಲ ಅವರಿಗೆ ಗೊತ್ತಾಗಿತ್ತು. ಬಟ್ಟಲು ಮುಂದೆ ಹಿಡಿದು, ನಗುತ್ತಾ, "ಹಾಕು" ಎಂದರು. ಅಬ್ಬಾಗೆ ಸರಿಯಾಗಿಯೇ ಕೇಳಿಸಿತು.